ರಾತ್ರಿ ಎರಡು ಗಂಟೆಯ ರೋಗಿಯೂ ನಿಮ್ಮ ಪಟ್ಟಿಯಲ್ಲಿರಲಿ

ಎಸ್‌ಟಿಎಸ್ ಅರ್ಜಿಯ ಕಾಲ ಬಂತೆಂದರೆ ನಮ್ಮ ವಿಭಾಗದ ಬಾಗಿಲಲ್ಲಿ ಎಂಬಿಬಿಎಸ್ ಮಕ್ಕಳ ಓಡಾಟ ಶುರುವಾಗುತ್ತದೆ. "ಮೇಡಂ, ಎಮರ್ಜೆನ್ಸಿಯಲ್ಲಿ ಏನಾದರೂ ಒಂದು ಟಾಪಿಕ್ ಕೊಡಿ" ಎನ್ನುತ್ತೀರಿ, ದಿನಸಿ ಅಂಗಡಿಯಲ್ಲಿ ಕಾಲು ಕೆಜಿ ತೊಗರಿಬೇಳೆ ಕೇಳಿದ ಹಾಗೆ. ಐಸಿಎಂಆರ್ 1979ರಿಂದ ನಡೆಸಿಕೊಂಡು ಬಂದಿರುವ ಈ ಎರಡು ತಿಂಗಳ ವಿದ್ಯಾರ್ಥಿವೇತನದ ಆಸೆ ಕೆಲವರಿಗೆ. ಸರ್ಟಿಫಿಕೇಟಿನ ಮೇಲೆ ಕಣ್ಣು ಇನ್ನು ಕೆಲವರಿಗೆ. ಒಬ್ಬಿಬ್ಬರು ಮಾತ್ರ ಮುಚ್ಚುಮರೆಯಿಲ್ಲದೆ "ಮುಂದೆ ಅಮೆರಿಕಕ್ಕೆ ಹೋಗಬೇಕು ಮೇಡಂ, ಸಿವಿಗೆ ರಿಸರ್ಚ್ ಬೇಕು" ಎಂದುಬಿಡುತ್ತೀರಿ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಯಾವ ಆಸೆ ಹಿಡಿದು ಬಂದರೂ ಕ್ಯಾಶುವಲ್ಟಿಗೆ ಕಾಲಿಟ್ಟ ಮೇಲೆ ಅದು ತನ್ನ ಪಾಠವನ್ನು ಹೇಗೂ ಕಲಿಸುತ್ತದೆ. ಒಳಗೆ ಹೋಗುವ ಮುನ್ನ ನಾಲ್ಕು ಮಾತು ಕೇಳಿಸಿಕೊಂಡು ಹೋಗಿ, ಅಷ್ಟೆ.

ನಮ್ಮ ದೇಶದಲ್ಲಿ ಎಮರ್ಜೆನ್ಸಿ ಮೆಡಿಸಿನ್ ಎಂಬ ಪ್ರತ್ಯೇಕ ಸ್ನಾತಕೋತ್ತರ ವಿಷಯಕ್ಕೆ ವೈದ್ಯಕೀಯ ಮಂಡಳಿ ಮಾನ್ಯತೆ ಕೊಟ್ಟದ್ದೇ 2009ರಲ್ಲಿ. ಅಲ್ಲಿಯವರೆಗೆ ಕ್ಯಾಶುವಲ್ಟಿ ಯಾರ ಮನೆಯೂ ಆಗಿರಲಿಲ್ಲ. ಸರ್ಜರಿಯವರು ಬಂದು ನೋಡುತ್ತಿದ್ದರು, ಮೆಡಿಸಿನ್‌ನವರು ಬಂದು ನೋಡುತ್ತಿದ್ದರು, ಉಳಿದ ಹೊತ್ತು ಹೌಸ್ ಸರ್ಜನ್ ಮತ್ತು ದೇವರು. ಹೀಗಾಗಿ ನಮ್ಮ ಕ್ಯಾಶುವಲ್ಟಿಗೆ ಎಂಥ ರೋಗಿ, ಎಷ್ಟು ಹೊತ್ತಿಗೆ, ಎಲ್ಲೆಲ್ಲಿ ಸುತ್ತಿ ಬರುತ್ತಾನೆ ಎಂಬ ಸಾದಾ ಸಂಗತಿಗಳೂ ಸರಿಯಾಗಿ ದಾಖಲಾಗಿಲ್ಲ. ನಾವು ಓದುವ ಪುಸ್ತಕಗಳ ರೋಗಿ ಬೇರೆ ಊರಿನವನು. ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಹತ್ತಿ ನೇರ ದೊಡ್ಡ ಆಸ್ಪತ್ರೆಗೆ ಬಂದವನು. ನಮ್ಮವನು ಮೊದಲು ಊರಿನ ಆರ್‌ಎಂಪಿ ಹತ್ತಿರ ಹೋಗಿ, ಅಲ್ಲಿಂದ ಪಿಎಚ್‌ಸಿ, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ 108 ಹತ್ತಿ ನಮ್ಮ ಬಳಿ ಬರುತ್ತಾನೆ. ಆದ್ದರಿಂದ ಎರಡು ತಿಂಗಳು ನೀವು ಮೂಲೆಯಲ್ಲಿ ನಿಂತು ಪ್ರಾಮಾಣಿಕವಾಗಿ ಎಣಿಸಿದರೆ ಅದು ಸಣ್ಣ ಕೆಲಸವಲ್ಲ.

ಅಮೆರಿಕದ ಎಷ್ಟೋ ಆಸ್ಪತ್ರೆಗಳಲ್ಲಿ 1990ರ ದಶಕದಿಂದ ಈ ಕೆಲಸಕ್ಕೆ ಪದವಿ ಓದುವ ಹುಡುಗ ಹುಡುಗಿಯರನ್ನೇ ಕೂರಿಸುತ್ತಿದ್ದಾರೆ. ಅಲ್ಲಿ ಮೆಡಿಕಲ್ ಕಾಲೇಜು ಸೇರುವ ಮೊದಲು ಇನ್ನೊಂದು ಪದವಿ ಮುಗಿಸಬೇಕಲ್ಲ, ಆ ದಿನಗಳಲ್ಲಿ ಇವರು ಪಾಳಿಯ ಮೇಲೆ ಬಂದು ಎಮರ್ಜೆನ್ಸಿಯಲ್ಲಿ ಕೂತು, ಯಾವ ರೋಗಿ ಯಾವ ಅಧ್ಯಯನಕ್ಕೆ ಹೊಂದುತ್ತಾನೆಂದು ಗಮನಿಸಿ ಸಂಶೋಧಕರಿಗೆ ತಿಳಿಸುತ್ತಾರೆ. ಅಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಗಳ ಮಕ್ಕಳೂ ಇದನ್ನು ಮಾಡಿಯೇ ಮೆಡಿಕಲ್ ಸೇರುವುದುಂಟು. ಪಾಳಿಯ ಮೇಲೆ ಎಂದೆ. ಅವರ ವ್ಯವಸ್ಥೆಯಲ್ಲಿ ನಾವು ನೋಡಿ ಕಲಿಯಬೇಕಾದದ್ದು ಅದನ್ನೇ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಪ್ರಶ್ನೆ. ಸಣ್ಣದಿರಲಿ. ಎರಡು ತಿಂಗಳಲ್ಲಿ ಸೆಪ್ಸಿಸ್‌ನ ಗುಟ್ಟು ಒಡೆಯುವುದಕ್ಕೆ ಆಗುವುದಿಲ್ಲ. ನಿಮ್ಮ ಕ್ಯಾಶುವಲ್ಟಿಯ ಬಾಗಿಲಲ್ಲಿ ಒಂದು ದಿನ ಸುಮ್ಮನೆ ನಿಂತು ನೋಡಿ, ಪ್ರಶ್ನೆಗಳು ಸ್ಟ್ರೆಚರ್ ಮೇಲೆ ಮಲಗಿಯೇ ಬರುತ್ತವೆ. ಹಾವು ಕಚ್ಚಿಸಿಕೊಂಡವರಲ್ಲಿ ಎಷ್ಟು ಜನ ಕಾಲಿಗೆ ಹಗ್ಗ ಬಿಗಿದುಕೊಂಡು ಬರುತ್ತಾರೆ? ಬೈಕಿನಿಂದ ಬಿದ್ದವರು "ಹೆಲ್ಮೆಟ್ ಇತ್ತು" ಎನ್ನುತ್ತಾರಲ್ಲ, ಗಲ್ಲದ ಪಟ್ಟಿ ಹಾಕಿದ್ದರೇ? ಹಿಂದೆ ಕೂತವರ ತಲೆಯ ಮೇಲೆ ಏನಿತ್ತು? ನಮ್ಮ ರಾಜ್ಯದಲ್ಲಿ 2016ರಿಂದ ಹಿಂದಿನ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಕಾನೂನು ಬಂದಷ್ಟು ಬೇಗ ಹೆಲ್ಮೆಟ್ ಬಂದಿದೆಯೇ?

ನನಗೆ ಇಷ್ಟವಾದ ಒಂದು ಪ್ರಶ್ನೆ ಇಸಿಜಿಯದು. ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಎಲ್ಲೆಡೆ ಒಪ್ಪಿದ ಮಾತು. ನಮ್ಮಲ್ಲಿ ಎಷ್ಟು ನಿಮಿಷಕ್ಕೆ ಆಗುತ್ತಿದೆ? ಗಡಿಯಾರ, ಪೆನ್ನು, ಒಂದು ಹಾಳೆ ಇಷ್ಟಿದ್ದರೆ ಸಾಕು. ಸುಲಭ ಎನಿಸುತ್ತದೆ, ಅಲ್ಲವೇ? ಆದರೆ ನೀವು ಹಾಳೆಯ ಮೇಲೆ "ಎದೆನೋವಿನ ರೋಗಿಗಳು" ಎಂದು ಬರೆದುಕೊಂಡ ಕ್ಷಣದಲ್ಲೇ ಒಂದಷ್ಟು ಜನ ಲೆಕ್ಕದಿಂದ ಜಾರಿಹೋದರು. ಐವತ್ತೈದರ ಹೆಂಗಸು, ಸಕ್ಕರೆ ಕಾಯಿಲೆ ಬೇರೆ, ಬಾಗಿಲಲ್ಲಿ ಏದುಸಿರು ಬಿಡುತ್ತಾ "ಗ್ಯಾಸ್ಟ್ರಿಕ್ ಆಗಿದೆ ಕಣಪ್ಪ, ಒಂದು ಇಂಜೆಕ್ಷನ್ ಹಾಕು" ಎನ್ನುತ್ತಾರೆ. ರಿಜಿಸ್ಟರಿನಲ್ಲಿ ಗ್ಯಾಸ್ಟ್ರಿಕ್ ಎಂದೇ ಬರೆಯುತ್ತಾರೆ. ಪ್ಯಾಂಟೊಪ್ರಜೋಲ್ ಹೋಗುತ್ತದೆ. ಇಸಿಜಿ ಅರ್ಧ ಗಂಟೆಯ ಮೇಲೋ ಒಂದು ಗಂಟೆಯ ಮೇಲೋ, ಯಾರಿಗೋ ಹೊಳೆದಾಗ ಆಗುತ್ತದೆ. ಎಲ್ಲರಿಗಿಂತ ತಡವಾದದ್ದು ಯಾರಿಗೆ ಎಂದು ಹುಡುಕಹೊರಟ ನೀವು, ಎಲ್ಲರಿಗಿಂತ ತಡವಾದವರನ್ನೇ ಹೊರಗಿಟ್ಟು ಸರಾಸರಿ ತೆಗೆಯುತ್ತೀರಿ. ಸರಾಸರಿ ಚೆಂದವಾಗಿಯೇ ಬರುತ್ತದೆ.

ನಾನು ಹೇಳಬೇಕೆಂದಿರುವುದು ಇದೇ. ಕ್ಯಾಶುವಲ್ಟಿಯ ಸಂಶೋಧನೆಯಲ್ಲಿ ನೀವು ಯಾರನ್ನು ಎಣಿಸಿದಿರಿ ಎಂಬುದಕ್ಕಿಂತ ಯಾರು ಎಣಿಕೆಗೆ ಸಿಗಲಿಲ್ಲ ಎಂಬುದನ್ನು ಮೊದಲು ನೋಡಿ. ವಾರ್ಡಿನ ರೋಗಿ ಹಾಸಿಗೆ ಬಿಟ್ಟು ಎಲ್ಲೂ ಹೋಗುವುದಿಲ್ಲ, ನೀವು ಕ್ಲಾಸು ಮುಗಿಸಿ ಊಟ ಮಾಡಿ ಬಂದರೂ ಅಲ್ಲೇ ಇರುತ್ತಾನೆ. ಕ್ಯಾಶುವಲ್ಟಿಯವನು ಹಾಗಲ್ಲ. ಐಸಿಯುಗೆ ಹೋಗಿರುತ್ತಾನೆ, ಓಟಿಗೆ ಹೋಗಿರುತ್ತಾನೆ, ಇನ್ನೊಂದು ಆಸ್ಪತ್ರೆಗೆ ಹೋಗಿರುತ್ತಾನೆ, ಇಲ್ಲವೇ ತೀರಿಕೊಂಡಿರುತ್ತಾನೆ.

ನಿಮ್ಮ ಅನುಕೂಲದ ಹೊತ್ತು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು. ಕಟ್ಟು ಹಾವಿಗೆ ಅದು ಅನುಕೂಲದ ಹೊತ್ತಲ್ಲ. ಅದು ಕಚ್ಚುವುದು ಬಹುಪಾಲು ರಾತ್ರಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು. ನೋವು ಅಷ್ಟಾಗಿ ಇರುವುದಿಲ್ಲ, ಗಾಯದ ಗುರುತೂ ಸರಿಯಾಗಿ ಕಾಣುವುದಿಲ್ಲ. ನಸುಕಿನಲ್ಲಿ ಎದ್ದವರು ಹೊಟ್ಟೆನೋವು ಎನ್ನುತ್ತಾರೆ, ವಾಂತಿ ಎನ್ನುತ್ತಾರೆ. ಕಣ್ಣಿನ ರೆಪ್ಪೆ ಜೋತುಬಿದ್ದದ್ದನ್ನು ಮನೆಯವರು ನಿದ್ದೆಗಣ್ಣು ಎಂದುಕೊಳ್ಳುತ್ತಾರೆ. ಅವರು ನಮ್ಮಲ್ಲಿಗೆ ಬರುವಾಗ ನೀವು ಹಾಸ್ಟೆಲಿನಲ್ಲಿ ಮಲಗಿರುತ್ತೀರಿ. ಹತ್ತರಿಂದ ನಾಲ್ಕರವರೆಗೆ ಕೂತು ಮಾಡಿದ ಹಾವು ಕಡಿತದ ಅಧ್ಯಯನದಲ್ಲಿ ಏನು ಸಿಗುತ್ತದೆ? ಹೊಲದಲ್ಲಿ ಹಗಲು ಕೊಳಕು ಮಂಡಲ ತುಳಿದವರು ಸಿಗುತ್ತಾರೆ. "ನಮ್ಮ ಜಿಲ್ಲೆಯಲ್ಲಿ ನರಕ್ಕೆ ವಿಷ ಏರಿಸುವ ಹಾವುಗಳ ಕಡಿತ ಅಪರೂಪ" ಎಂದು ನೀವು ಬರೆದರೆ, ನಾಳೆ ಅದನ್ನು ಓದಿ ಯಾರೋ ವೆಂಟಿಲೇಟರಿನ ಬೇಡಿಕೆ ಕಡಿಮೆ ಮಾಡಿಯಾರು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತಕ್ಕೆ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು ಮನೆಮನೆ ಸಮೀಕ್ಷೆಯ ಆಧಾರದ ಮೇಲೆ ಅಂದಾಜು ಮಾಡಿದ್ದಾರೆ. ಆಸ್ಪತ್ರೆಗಳ ಲೆಕ್ಕ ಆ ಅಂಕಿಯ ಹತ್ತಿರಕ್ಕೂ ಬರುವುದಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಈ ಕಾರಣಕ್ಕೇ. ಎಣಿಕೆಯೇ ಇಲ್ಲದ ಕಾಯಿಲೆಗೆ ಔಷಧದ ಇಂಡೆಂಟ್ ಹಾಕುವುದು ಹೇಗೆ?

ಹಾಗಾದರೆ ಇಪ್ಪತ್ತನಾಲ್ಕು ಗಂಟೆಯೂ ನೀವೊಬ್ಬರೇ ನಿಲ್ಲಬೇಕೆ? ಬೇಡ, ಮೊದಲನೇ ವಾರದಲ್ಲೇ ಕಾಯಿಲೆ ಬೀಳುತ್ತೀರಿ. ಮೂರ್ನಾಲ್ಕು ಜನ ಗೆಳೆಯರು ಸೇರಿ ಪಾಳಿ ಹಂಚಿಕೊಳ್ಳಿ. ಅದೂ ಆಗದಿದ್ದರೆ ಚೀಟಿ ಎತ್ತಿ, ವಾರದಲ್ಲಿ ಯಾವ ರಾತ್ರಿ, ಯಾವ ಹಗಲು, ಯಾವ ಭಾನುವಾರ ಎಂದು ಮೊದಲೇ ಗೊತ್ತು ಮಾಡಿಕೊಂಡು, ಚೀಟಿ ಹೇಳಿದ ಹೊತ್ತಿಗೆ ನಿಲ್ಲಿ. ಮನಸ್ಸು ಬಂದಾಗ ಅಲ್ಲ. ನೀವಿಲ್ಲದ ಹೊತ್ತಿನಲ್ಲಿ ಬಂದವರ ಹೆಸರು ಕ್ಯಾಶುವಲ್ಟಿ ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ. ಮರುದಿನ ಅದನ್ನು ತಿರುವಿ, ನಿಮಗೆ ತಪ್ಪಿಹೋದವರು ಎಷ್ಟು, ಅವರ ವಯಸ್ಸೇನು, ಗಂಡೋ ಹೆಣ್ಣೋ, ಎಷ್ಟು ಹೊತ್ತಿಗೆ ಬಂದರು ಎಂದು ಬೇರೆಯದೇ ಪಟ್ಟಿ ಇಟ್ಟುಕೊಳ್ಳಿ. ಇದಕ್ಕೂ ಎಥಿಕ್ಸ್ ಕಮಿಟಿಯ ಅನುಮತಿಯನ್ನು ಅರ್ಜಿಯಲ್ಲೇ ಕೇಳಿಕೊಂಡಿರಿ. ವರದಿಯಲ್ಲಿ ಆ ತಪ್ಪಿಹೋದವರ ಪಟ್ಟಿಯೇ ನಾನು ಮೊದಲು ಓದುವ ಪುಟ.

ಇನ್ನೆರಡು ಗುಂಪುಗಳಿವೆ. ಕೇಸ್ ಶೀಟಿನ ಮೇಲೆ "ಡಾಮಾ" ಎಂದು ಬರೆಸಿಕೊಂಡು, ವೈದ್ಯರ ಮಾತು ಮೀರಿ ಹೊರಟವರು ಒಂದು. ದುಡ್ಡು ಸಾಲದೆ, ನಂಬಿಕೆ ಸಾಲದೆ, ಅಥವಾ "ಊರಲ್ಲಿ ಹಸು ಕರೆಯೋರಿಲ್ಲ" ಎಂದು ಹೋದವರು. ಅವರನ್ನು "ಗುಣಮುಖ" ಎಂಬ ಖಾನೆಗೂ ಹಾಕಬೇಡಿ, ಸತ್ತವರ ಖಾನೆಗೂ ಹಾಕಬೇಡಿ, ಅವರಿಗೆ ಅವರದೇ ಖಾನೆ ಇರಲಿ. ಇನ್ನೊಂದು ಗುಂಪು ದಾರಿಯಲ್ಲೇ ಪ್ರಾಣ ಬಿಟ್ಟು ಬಾಗಿಲಿಗೆ ಬಂದವರು. "ನಮ್ಮ ಆಸ್ಪತ್ರೆಗೆ ದಾಖಲಾದವರಲ್ಲಿ ಸಾವು ಕಡಿಮೆ" ಎಂಬ ಹೆಮ್ಮೆಯ ವಾಕ್ಯದ ಹಿಂದೆ ಎಷ್ಟೋ ಸಲ ಇವರಿರುತ್ತಾರೆ. ದಾಖಲಾಗುವವರೆಗೆ ಉಳಿದವರನ್ನಷ್ಟೇ ಎಣಿಸಿದರೆ ಸಾವು ಕಡಿಮೆಯೇ ಇರುತ್ತದೆ.

ಈಗ ಗಡಿಯಾರದ ವಿಷಯ. ನಿಮ್ಮ ಪ್ರೊಫಾರ್ಮಾದಲ್ಲಿ "ಘಟನೆ ನಡೆದ ಸಮಯ" ಎಂಬ ಖಾನೆ ಇರುತ್ತದೆ. ಎಲ್ಲರೂ ಅವಸರದಲ್ಲಿ ಏನೋ ಒಂದು ಗೀಚಿ ದಾಟಿಬಿಡುವ ಖಾನೆ ಅದು. ಅದರ ಬೆಲೆ ತಿಳಿಯಬೇಕಾದರೆ ಕ್ರ್ಯಾಶ್-2 ಎಂಬ ಅಧ್ಯಯನವನ್ನು ಓದಿ. ಗಾಯವಾಗಿ ರಕ್ತ ಹೋಗುತ್ತಿರುವವರಿಗೆ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರೆ ಜೀವ ಉಳಿಯುತ್ತದೆಯೇ ಎಂಬುದು ಪ್ರಶ್ನೆ. 40 ದೇಶಗಳ 274 ಆಸ್ಪತ್ರೆಗಳು, 20,211 ರೋಗಿಗಳು. ನಮ್ಮ ದೇಶದ ಹಲವು ಆಸ್ಪತ್ರೆಗಳೂ ಅದರಲ್ಲಿದ್ದವು. 2010ರಲ್ಲಿ ಫಲಿತಾಂಶ ಬಂತು. ಔಷಧ ಪಡೆದವರಲ್ಲಿ ಸತ್ತವರು ನೂರಕ್ಕೆ 14.5, ಪಡೆಯದವರಲ್ಲಿ 16. ಅಷ್ಟು ಅಗ್ಗದ ಔಷಧಕ್ಕೆ ಇದು ದೊಡ್ಡ ಸಾಧನೆ. ಆದರೆ ಮುಖ್ಯ ಸಂಗತಿ ಮರುವರ್ಷದ ವಿಶ್ಲೇಷಣೆಯಲ್ಲಿತ್ತು. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ತಗ್ಗುತ್ತದೆ, ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ ಅದೇ ಔಷಧದಿಂದ ಆ ಸಾವು ಹೆಚ್ಚುತ್ತದೆ. ಇವತ್ತು ಕ್ಯಾಶುವಲ್ಟಿಗಳು ಪಾಲಿಸುವ ಮೂರು ಗಂಟೆಯ ನಿಯಮ ಹುಟ್ಟಿದ್ದು ಹೀಗೆ. ಹುಟ್ಟಿದ್ದು, ಗಾಯವಾಗಿ ಎಷ್ಟು ಗಂಟೆಯಾಯಿತೆಂದು ಫಾರಂ ತುಂಬಿದವರು ಬರೆದಿಟ್ಟಿದ್ದರಿಂದ. ಆ ಖಾನೆಯನ್ನು ಅವರು ಬಾಯಿಗೆ ಬಂದಂತೆ ತುಂಬಿದ್ದರೆ ಇವತ್ತಿಗೂ ನಾವು ಐದನೇ ಗಂಟೆಯಲ್ಲಿ ಅದನ್ನು ಕೊಡುತ್ತಾ ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದುಕೊಂಡಿರುತ್ತಿದ್ದೆವು.

ಸಮಯ ಕೇಳುವುದು ಒಂದು ವಿದ್ಯೆ. "ಎಷ್ಟು ಗಂಟೆಗೆ ಕಚ್ಚಿತು?" ಎಂದರೆ "ಗೊತ್ತಿಲ್ಲ ಡಾಕ್ಟ್ರೇ, ರಾತ್ರಿ" ಎನ್ನುತ್ತಾರೆ. ನೀವು "ರಾತ್ರಿ 9" ಎಂದು ಬರೆದು ಮುಂದೆ ಹೋಗುತ್ತೀರಿ. ಹಾಗೆ ಬರೆಯಬೇಡಿ. ಪಕ್ಕದಲ್ಲಿ ಕೂತು, ಅವರ ದಿನದ ಒಳಗಿಂದ ಕೇಳಿ. "ಏನು ಕೆಲಸ ಮಾಡ್ತಿದ್ರಿ ಅಣ್ಣಾ ಆಗ?" "ಮೋಟ್ರು ಹಾಕಕ್ಕೆ ಹೋಗಿದ್ದೆ." "ತ್ರೀ ಫೇಸ್ ಎಷ್ಟೊತ್ತಿಗೆ ಬರುತ್ತೆ ನಿಮ್ಮೂರಲ್ಲಿ?" "ಈ ವಾರ ಹನ್ನೊಂದಕ್ಕೆ." "ಕರೆಂಟ್ ಬಂದ ತಕ್ಷಣ ಹೋದ್ರಾ?" "ಹೂಂ, ಬತ್ತಿದ್ದಂಗೇ ಹೋದೆ. ಬದು ದಾಟೋವಾಗ ಕಚ್ಚಿದ್ದು." ಈಗ ನಿಮ್ಮ ಕೈಯಲ್ಲಿ ಒಂದು ಸಮಯವಿದೆ, ಹನ್ನೊಂದು ಗಂಟೆ ದಾಟಿ ಸ್ವಲ್ಪ ಹೊತ್ತು. ಹಾಗೆಯೇ ಹಾಲು ಡೇರಿಗೆ ಹಾಕಿದ ಮೇಲೋ ಮೊದಲೋ, ಕಡೇ ಬಸ್ಸು ಹೋಗಿತ್ತೋ ಇಲ್ಲವೋ, ಟೀವಿಯಲ್ಲಿ ಯಾವ ಧಾರಾವಾಹಿ ನಡೆಯುತ್ತಿತ್ತು ಎಂದೆಲ್ಲ ಕೇಳಬಹುದು. ಈಗ ಮೊಬೈಲ್ ಇದೆ, 108ಕ್ಕೆ ಮಾಡಿದ ಕರೆಯ ಸಮಯ ಅದರಲ್ಲೇ ಇರುತ್ತದೆ, ತೋರಿಸಿ ಎಂದರೆ ತೋರಿಸುತ್ತಾರೆ. ಅವರು ಹೇಳಿದ ಮಾತನ್ನೂ ಬದಿಯಲ್ಲಿ ಬರೆದುಕೊಳ್ಳಿ, ಲೆಕ್ಕ ಹಾಕಿದ ಸಮಯವನ್ನೂ ಬರೆದುಕೊಳ್ಳಿ. ಎಷ್ಟು ಕೇಳಿದರೂ ಸಿಗಲಿಲ್ಲವೋ, "ತಿಳಿದಿಲ್ಲ" ಎಂದು ಬರೆಯಿರಿ.

ಆ "ತಿಳಿದಿಲ್ಲ" ಬರೆಯುವುದಕ್ಕೆ ನಿಮಗೆ ನಾಚಿಕೆಯಾಗುತ್ತದೆ, ನನಗೆ ಗೊತ್ತು. ರೆಕಾರ್ಡ್ ಬುಕ್ಕಿನಲ್ಲಿ ಖಾಲಿ ಜಾಗ ಬಿಟ್ಟರೆ ಮಾರ್ಕು ಕಳೆಯುತ್ತಿದ್ದ ಮೇಷ್ಟ್ರುಗಳ ಕೈಯಲ್ಲಿ ಬೆಳೆದವರು ನೀವು. ಉಸಿರಾಟದ ಗತಿ ಎಣಿಸದೆ ಎಲ್ಲ ಕೇಸ್ ಶೀಟಿನಲ್ಲೂ 18, 20 ಎಂದು ಬರೆಯುವುದನ್ನು ಕ್ಯಾಶುವಲ್ಟಿಯಲ್ಲಿ ನೀವೂ ನೋಡುತ್ತೀರಿ. ಏದುಸಿರು ಬಿಡುವವನಿಗೂ 20. ನಿಮ್ಮ ಹಾಳೆಯಲ್ಲಿ ಆ 20 ಬರಕೂಡದು. ಎದೆಯ ಏರಿಳಿತ ನೋಡುತ್ತಾ ಪೂರಾ ಒಂದು ನಿಮಿಷ ಎಣಿಸಿ, ಇಲ್ಲವೇ ಖಾಲಿ ಬಿಡಿ. ಖಾಲಿ ಬಿಟ್ಟ ಖಾನೆಯನ್ನು ಸಂಖ್ಯಾಶಾಸ್ತ್ರದವರು ಹೇಗೋ ಸಂಭಾಳಿಸುತ್ತಾರೆ. ಕಲ್ಪಿಸಿ ಬರೆದ ಅಂಕಿಯನ್ನು ಅವರು ಗುರುತಿಸಲಾರರು.

ಹಾವಿನ ಮಾತು ಬಂದಿತಲ್ಲ, ನಿಮ್ಮಂಥವರೇ ಬೇಕಾದ ಒಂದು ಪರೀಕ್ಷೆ ಇದೆ. ಕೊಳಕು ಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ಎರಡು ಎಂಎಲ್ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ, ಅಲುಗಿಸದೆ 20 ನಿಮಿಷ ನಿಲ್ಲಿಸಿ, ಆಮೇಲೆ ಒಂದೇ ಸಲ ಮೆಲ್ಲಗೆ ಓರೆ ಮಾಡಿ ನೋಡಬೇಕು. ರಕ್ತ ಹರಿದರೆ ವಿಷವೇರಿದೆ ಎಂದರ್ಥ, ಆಂಟಿವೆನಮ್ ಬೇಕು. ಇಷ್ಟೇ. ಇಷ್ಟೇ ಆಗಿರುವುದರಿಂದಲೇ ಕೆಡುತ್ತದೆ. ಟ್ಯೂಬು ಪ್ಲಾಸ್ಟಿಕ್ಕಿನದಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಗಾಜಿನದಾದರೂ ಸೋಪಿನಪುಡಿ ಹಾಕಿ ತೊಳೆದಿದ್ದರೆ ನಂಬುವ ಹಾಗಿಲ್ಲ. ಹೊಸ, ಒಣ, ಶುದ್ಧ ಗಾಜೇ ಆಗಬೇಕು. ಅದಕ್ಕಿಂತ ದೊಡ್ಡ ತೊಂದರೆ ಆ 20 ನಿಮಿಷದ್ದು. ಸಿಸ್ಟರ್ ಟ್ಯೂಬು ಇಟ್ಟು ಹೋಗುತ್ತಾರೆ, ಅಷ್ಟರಲ್ಲಿ ಆಕ್ಸಿಡೆಂಟ್ ಕೇಸು ಬರುತ್ತದೆ. ಕಾಯಲಾರದ ಸಂಬಂಧಿಕರು "ಏನಾಯ್ತು ನೋಡಿ" ಎಂದಾಗ ಪಿಜಿ ಹನ್ನೆರಡನೇ ನಿಮಿಷಕ್ಕೇ ಓರೆ ಮಾಡಿ ನೋಡುತ್ತಾನೆ. ಇಲ್ಲವೇ ಎಲ್ಲರೂ ಮರೆತು ಮುಕ್ಕಾಲು ಗಂಟೆಯ ಮೇಲೆ ಯಾರೋ ನೋಡುತ್ತಾರೆ. ಇಡೀ ಕ್ಯಾಶುವಲ್ಟಿಯಲ್ಲಿ 20 ನಿಮಿಷ ಒಂದೇ ಕಡೆ ಕೂರಬಲ್ಲವರು ನೀವೊಬ್ಬರೇ. ಟ್ಯೂಬಿನ ಮೇಲೆ ಪ್ಲಾಸ್ಟರ್ ಅಂಟಿಸಿ ರೋಗಿಯ ನಂಬರು, ರಕ್ತ ಹಾಕಿದ ಸಮಯ ಬರೆಯಿರಿ. ಟೇಬಲ್ಲು ತಾಗುವವರನ್ನು ಆಚೆ ಕಳಿಸಿ. 20 ಆದಾಗ ಪಿಜಿಯನ್ನು ಕರೆಯಿರಿ, ಅವರ ಎದುರಿಗೇ ಓರೆ ಮಾಡಿಸಿ. ನಾವು ನಿಜವಾಗಿ ಎಷ್ಟನೇ ನಿಮಿಷಕ್ಕೆ ಈ ಪರೀಕ್ಷೆ ಓದುತ್ತೇವೆ, ಎಂಥ ಟ್ಯೂಬಿನಲ್ಲಿ ಮಾಡುತ್ತೇವೆ ಎಂಬುದೇ ಒಂದು ಎಸ್‌ಟಿಎಸ್‌ಗೆ ಸಾಕಾಗುವ ವಿಷಯ. ಒಂದು ಮಾತು ಮಾತ್ರ ನೆನಪಿರಲಿ. ನೀವು ಗಡಿಯಾರ ಹಿಡಿದು ನಿಂತಿದ್ದೀರಿ ಎಂದ ಕೂಡಲೇ ಎಲ್ಲರೂ ಸರಿಯಾಗಿ ಮಾಡತೊಡಗುತ್ತಾರೆ. ರೋಗಿಗೆ ಒಳ್ಳೆಯದಾಯಿತು, ನಿಮ್ಮ ಲೆಕ್ಕ ಕೆಟ್ಟಿತು. ಮೊದಲ ವಾರದ ಅಂಕಿಗಳನ್ನು ಕೊನೆಯ ವಾರದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸವಿದ್ದರೆ ವರದಿಯಲ್ಲಿ ಹೇಳಿ.

ಒಪ್ಪಿಗೆಯ ವಿಷಯಕ್ಕೆ ಬರೋಣ. ಕೋಟು ತೊಟ್ಟ ನಿಮ್ಮನ್ನು ರೋಗಿಯ ಮನೆಯವರು ಡಾಕ್ಟರೆಂದೇ ನಂಬುತ್ತಾರೆ. ಮಗ ಸ್ಟ್ರೆಚರಿನ ಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿರುವಾಗ ನೀವು ಹಾಳೆ ಮುಂದೆ ಹಿಡಿದು ಸಹಿ ಹಾಕಿ ಎಂದರೆ, ಆ ತಾಯಿ ಆಸ್ತಿಪತ್ರವಾದರೂ ಬರೆದುಕೊಡುತ್ತಾಳೆ. ಅದು ಒಪ್ಪಿಗೆಯಲ್ಲ. ಮೊದಲ ಮಾತೇ ಹೀಗಿರಲಿ: "ನಾನಿನ್ನೂ ಓದ್ತಾ ಇರೋನು ಅಮ್ಮಾ, ಡಾಕ್ಟರ್ ಅಲ್ಲ. ನೀವು ಬೇಡ ಅಂದ್ರೂ ಟ್ರೀಟ್‌ಮೆಂಟ್ ಏನೂ ನಿಲ್ಲಲ್ಲ." ಇಷ್ಟು ಹೇಳಿ ಬಾಯಿ ಮುಚ್ಚಿ ಕಾಯಿರಿ. ಐಸಿಎಂಆರ್ 2017ರ ಮಾರ್ಗಸೂಚಿಯನ್ನು ಓದಿಕೊಳ್ಳಿ. ರೋಗಿ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದಿದ್ದರೆ ಅವರ ಪರವಾಗಿ ಕಾನೂನುಬದ್ಧ ಪ್ರತಿನಿಧಿ ಕೊಡಬಹುದು, ರೋಗಿಗೆ ಪ್ರಜ್ಞೆ ಮರಳಿದ ಮೇಲೆ ಅವರನ್ನೇ ಮತ್ತೆ ಕೇಳಬೇಕು. ಹೆಬ್ಬೆಟ್ಟು ಒತ್ತುವವರಿದ್ದರೆ ನಿಮ್ಮ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಬೇಕು. ನಿಮ್ಮ ರೂಮ್‌ಮೇಟ್ ಆ ಸಾಕ್ಷಿಯಲ್ಲ. ಇನ್ನು ಆ ಕನ್ನಡ ಕನ್ಸೆಂಟ್ ಫಾರಂ! "ಸದರಿ ಅಧ್ಯಯನದಲ್ಲಿ ಪಾಲ್ಗೊಳ್ಳುವಿಕೆಯು ಸ್ವಯಂಪ್ರೇರಿತವಾಗಿರತಕ್ಕದ್ದು" ಎಂಬಂಥ ವಾಕ್ಯಗಳನ್ನು ಯಾರಿಗೆ ಬರೆಯುತ್ತೀರಿ? ಎಥಿಕ್ಸ್ ಕಮಿಟಿಗೆ ಕಳಿಸುವ ಮುನ್ನ ಅದನ್ನು ಹಾಸ್ಟೆಲ್ ಮೆಸ್ಸಿನ ಅಡುಗೆಯವರಿಗೆ ಗಟ್ಟಿಯಾಗಿ ಓದಿ ಹೇಳಿ, ಏನು ತಿಳಿಯಿತೆಂದು ಕೇಳಿ. ಅವರ ಬಾಯಿಂದ ಬಂದ ಕನ್ನಡದಲ್ಲೇ ಫಾರಂ ಬರೆಯಿರಿ. ಕಮಿಟಿಯ ಪತ್ರ ಕೈಗೆ ಬರುವ ಮುಂಚೆ ಒಬ್ಬನೇ ಒಬ್ಬ ರೋಗಿಯ ವಿವರವನ್ನೂ ಅಧ್ಯಯನಕ್ಕೆಂದು ತೆಗೆದುಕೊಳ್ಳಬೇಡಿ. "ಆಮೇಲೆ ತಾರೀಖು ಹೊಂದಿಸೋಣ" ಎನ್ನುವ ಸೀನಿಯರ್ ಸಿಕ್ಕೇ ಸಿಗುತ್ತಾರೆ. ಅವರಿಗೆ ಟೀ ಕುಡಿಸಿ ಕಳಿಸಿ.

ಕೀಟನಾಶಕ ಕುಡಿದು ಬಂದವರ ಹತ್ತಿರ ಇನ್ನೂ ಎಚ್ಚರವಾಗಿರಿ. ಮೂಗಿಗೆ ಕೊಳವೆ, ಬಾಯಲ್ಲಿ ನೊರೆ, ಸುತ್ತ ಅತ್ತೆ, ಗಂಡ, ಊರಿನ ನಾಲ್ಕು ಜನ. ಆ ಗುಂಪಿನ ನಡುವೆ ನಿಂತು "ಯಾಕೆ ಕುಡಿದ್ರಿ?" ಎಂದು ಕೇಳುವುದು ಕ್ರೌರ್ಯ. ಸಿಗುವ ಉತ್ತರವೂ ಸುಳ್ಳೇ, ಹೊಟ್ಟೆನೋವು ತಾಳಲಾರದೆ ಎಂದೇ ಹೇಳುತ್ತಾರೆ. ನಿಮ್ಮ ಅಧ್ಯಯನಕ್ಕೆ ಕಾರಣ ಬೇಕಿಲ್ಲದಿದ್ದರೆ ಆ ಖಾನೆಯನ್ನೇ ತೆಗೆದುಹಾಕಿ. ಬೇಕೇ ಬೇಕೆಂದಿದ್ದರೆ, ಎರಡು ಮೂರು ದಿನ ಕಳೆದು ಅವರು ಎದ್ದು ಕೂತ ಮೇಲೆ, ಒಬ್ಬರೇ ಇರುವಾಗ, ಮನೋವೈದ್ಯಕೀಯ ವಿಭಾಗದವರ ಜೊತೆಯಲ್ಲಿ ಕೇಳಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ, ಅವರನ್ನು ಅಪರಾಧಿಗಳಂತೆ ನೋಡುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ಆಗಲೇ ಕೇಳಬೇಕಾದದ್ದು ಒಂದೇ: "ಡಬ್ಬಿ ತಂದಿದ್ದೀರಾ?" ಡಬ್ಬಿ ಸಿಕ್ಕರೆ ಅದರ ಮೇಲಿನ ಹೆಸರನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಂಡು, ಡಬ್ಬಿಯನ್ನು ಡ್ಯೂಟಿ ಡಾಕ್ಟರ ಕೈಗೆ ಕೊಡಿ. ಎಂಎಲ್‌ಸಿ ಕೇಸು, ಅದು ನಿಮ್ಮ ಕೋಟಿನ ಜೇಬಿನಲ್ಲಿ ಉಳಿಯಬಾರದು.

ಉತ್ತರವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು ಬರಬೇಡಿ ಎಂದು ಎಲ್ಲ ಗೈಡುಗಳೂ ಹೇಳುತ್ತಾರೆ. ಯಾಕೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ತಲೆಗೆ ಪೆಟ್ಟು ಬಿದ್ದವರಿಗೆ ಸ್ಟಿರಾಯ್ಡ್ ಕೊಡುವುದು ದಶಕಗಳ ರೂಢಿಯಾಗಿತ್ತು. ಮಿದುಳಿನ ಊತ ಇಳಿಯುತ್ತದೆ ಎಂಬ ತರ್ಕ, ಕೇಳುವುದಕ್ಕೆ ಎಷ್ಟು ಸರಿ! ಕೊನೆಗೆ 49 ದೇಶಗಳ 239 ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ನೋಡಿದರು. 20 ಸಾವಿರ ರೋಗಿಗಳನ್ನು ಸೇರಿಸಬೇಕೆಂದಿದ್ದ ಆ ಅಧ್ಯಯನವನ್ನು 2004ರಲ್ಲಿ, 10,008ಕ್ಕೇ ನಿಲ್ಲಿಸಬೇಕಾಯಿತು. ಎರಡು ವಾರದೊಳಗೆ ಸತ್ತವರು ಸ್ಟಿರಾಯ್ಡ್ ಪಡೆದವರಲ್ಲಿ ನೂರಕ್ಕೆ 21.1, ಪಡೆಯದವರಲ್ಲಿ 17.9. ಒಳ್ಳೆಯ ಮನಸ್ಸಿನ, ಓದಿಕೊಂಡ, ನಿದ್ದೆಗೆಟ್ಟು ದುಡಿದ ವೈದ್ಯರು ಅಷ್ಟು ವರ್ಷ ಬರೆದ ಔಷಧಿ ಅದು. ಕ್ಯಾಶುವಲ್ಟಿಯಲ್ಲಿ ಒಬ್ಬೊಬ್ಬ ರೋಗಿಯನ್ನು ನೋಡುತ್ತಾ ಹೋದರೆ ನೂರಕ್ಕೆ ಮೂರರ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೇ ಅನುಭವವಿದ್ದರೂ ಬೀಳುವುದಿಲ್ಲ. ನನ್ನಂಥ ಹಿರಿಯರು "ನನ್ನ ಅನುಭವದಲ್ಲಿ..." ಎಂದು ಶುರು ಮಾಡಿದಾಗ ಗೌರವದಿಂದ ಕೇಳಿ, ಆಮೇಲೆ ಎಣಿಸಿ.

ಸಿಸ್ಟರುಗಳ ಮಾತಿಗೆ ಕಿವಿಗೊಡಿ. ಯಾವ ಮಂಚದ ಆಕ್ಸಿಜನ್ ಕೊಳವೆ ಸೋರುತ್ತದೆ, ಯಾವ ಗಡಿಯಾರ ಐದು ನಿಮಿಷ ಮುಂದಿದೆ ಎಂಬುದು ಅವರಿಗೆ ಗೊತ್ತು. ಗೋಡೆ ಗಡಿಯಾರ, ಇಸಿಜಿ ಯಂತ್ರದ ಗಡಿಯಾರ, ನಿಮ್ಮ ಮೊಬೈಲು ಮೂರೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಮೊದಲ ದಿನವೇ ಒಂದನ್ನು ಹಿಡಿದುಕೊಳ್ಳಿ. ನಡೆದಾಡುವ ದಾರಿಗೆ ಅಡ್ಡ ನಿಲ್ಲಬೇಡಿ. ಗ್ಲೌಸ್ ಇಲ್ಲದೆ ಏನನ್ನೂ ಮುಟ್ಟಬೇಡಿ. ಆದರೆ ಸ್ಟ್ರೆಚರ್ ಎತ್ತಲು ಕೈ ಸಾಲದಿದ್ದರೆ, ಸಿಪಿಆರ್‌ಗೆ ಸರದಿಯಲ್ಲಿ ಇನ್ನೊಬ್ಬರು ಬೇಕಾದರೆ, ಹಾಳೆ ಬಿಸಾಡಿ ಹೋಗಿ. ಆ ಖಾನೆಗಳು ಖಾಲಿ ಉಳಿಯಲಿ, ಯಾಕೆ ಉಳಿದವೆಂದು ಬರೆದರಾಯಿತು.

ಪ್ರಕಟಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಎನ್ನುವ ಪತ್ರಿಕೆಗಳ ಇಮೇಲು ನಿಮಗೂ ಬರುತ್ತದೆ, ಅಳಿಸಿಹಾಕಿ. ಒಬ್ಬ ರೋಗಿಯನ್ನೂ ನೋಡದವರ ಹೆಸರು ಲೇಖಕರ ಸಾಲಿನಲ್ಲಿ ನುಸುಳುವುದು ಈ ದೇಶದ ಹಳೆಯ ರೋಗ. ಯಾರ ಹೆಸರು, ಯಾವ ಕ್ರಮದಲ್ಲಿ ಎಂದು ಗೈಡ್ ಜೊತೆ ಮೊದಲೇ, ನಯವಾಗಿ, ಬರವಣಿಗೆಯಲ್ಲಿ ಮಾತಾಡಿಕೊಳ್ಳಿ. ಅಂದುಕೊಂಡದ್ದು ಸಿದ್ಧವಾಗಲಿಲ್ಲ ಎಂಬ ಫಲಿತಾಂಶ ಬಂದರೆ ಅದನ್ನೂ ಬರೆಯಿರಿ. ಎಸ್‌ಟಿಎಸ್ ವರದಿ ಒಪ್ಪಿಗೆಯಾಗಲು ಫಲಿತಾಂಶ ಸಿಹಿಯಾಗಿರಬೇಕಿಲ್ಲ.

ಕೊನೆಯದು ಫೋನ್ ಕೆಲಸ. ಒಂದು ತಿಂಗಳ ಮೇಲೆ ರೋಗಿ ಹೇಗಿದ್ದಾನೆಂದು ವಿಚಾರಿಸುವ ಅಧ್ಯಯನವಾದರೆ, ನಂಬರು ತೆಗೆದುಕೊಳ್ಳುವಾಗಲೇ ಎರಡು ನಂಬರು ತೆಗೆದುಕೊಳ್ಳಿ, ಯಾರದು ಎಂದೂ ಬರೆದುಕೊಳ್ಳಿ. ಹಳ್ಳಿಯ ಮನೆಗಳಿಗೆ ಸಂಜೆ ಏಳರ ಮೇಲೆ ಮಾಡಿ, ಹಗಲು ಫೋನು ಯಾರ ಜೇಬಿನಲ್ಲೋ ಹೊಲದಲ್ಲಿರುತ್ತದೆ. "ರಾಮಣ್ಣ ಇದ್ದಾರಾ?" ಎಂದು ಶುರು ಮಾಡಬೇಡಿ, ಇಲ್ಲದಿದ್ದರೆ ಆ ಕಡೆಯವರು ಏನು ಹೇಳಬೇಕು? ನೀವು ಯಾರು, ಎಲ್ಲಿಂದ ಎಂದು ಹೇಳಿ, "ಆವತ್ತು ಆಸ್ಪತ್ರೆಗೆ ಬಂದಿದ್ರಲ್ಲ, ಆಮೇಲೆ ಹೇಗಾಯ್ತು ಅಂತ ಕೇಳೋಣ ಅಂತ ಮಾಡಿದೆ" ಎನ್ನಿ. ತೀರಿಕೊಂಡರೆಂದು ತಿಳಿದರೆ ಪ್ರಶ್ನೆಪಟ್ಟಿ ಅಲ್ಲಿಗೆ ಮುಗಿಯಿತು, ಅವರು ಮಾತಾಡುವಷ್ಟು ಹೊತ್ತು ಕೇಳಿ. ಮೂರು ಬೇರೆ ಬೇರೆ ದಿನ ಮಾಡಿದರೂ ಎತ್ತದವರನ್ನು ಚೆನ್ನಾಗಿದ್ದಾರೆ ಎಂದುಕೊಳ್ಳಬೇಡಿ, ಸಿಗದವರ ಪಟ್ಟಿಗೆ ಸೇರಿಸಿ.

ಎಲ್ಲ ಮುಗಿದ ಮೇಲೆ ಸೆಮಿನಾರ್ ಹಾಲಿನಲ್ಲಿ ಸ್ಲೈಡು ಹಾಕುವ ಮೊದಲು, ಕ್ಯಾಶುವಲ್ಟಿಯ ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಹೋಗಿ, ಎರಡೂ ಪಾಳಿಯ ಸಿಸ್ಟರುಗಳು, ವಾರ್ಡ್ ಬಾಯ್‌ಗಳು, ಪಿಜಿಗಳು ಇರುವಾಗ ನಿಮಗೆ ಸಿಕ್ಕ ಅಂಕಿಗಳನ್ನು ಐದು ನಿಮಿಷದಲ್ಲಿ ಹೇಳಿ. ಇಸಿಜಿ ಎಷ್ಟು ನಿಮಿಷಕ್ಕೆ ಆಗುತ್ತಿದೆ, ರಾತ್ರಿ ಎಷ್ಟು, ಹಗಲು ಎಷ್ಟು. ಯಾರ ಹೆಸರನ್ನೂ ಎತ್ತಬೇಡಿ. ಯಾರಾದರೂ "ಈ ಲೆಕ್ಕ ತಪ್ಪು, ರಾತ್ರಿ ಯಂತ್ರ ಐಸಿಯುನಲ್ಲಿರುತ್ತೆ, ತರೋದಕ್ಕೇ ಹದಿನೈದು ನಿಮಿಷ ಬೇಕು" ಎಂದರೆ ವಾದಕ್ಕೆ ಇಳಿಯಬೇಡಿ. ಪೆನ್ನು ತೆಗೆದು ಅದನ್ನೂ ಬರೆದುಕೊಳ್ಳಿ, ನಿಮ್ಮ ಪ್ರೊಫಾರ್ಮಾದಲ್ಲಿ ಯಂತ್ರ ಎಲ್ಲಿತ್ತು ಎಂಬ ಖಾನೆಯೇ ಇರಲಿಲ್ಲ.